ಹೊರಗಿನವರಿಂದ ಸಾಫ್ಟ್‌ವೇರ್ ಮಾಡಿಸುವಾಗ: ಯಾವ ಕರಾರು, ಯಾರ ಟೆಸ್ಟಿಂಗ್, ಎಷ್ಟು ದುಡ್ಡು

ಕೊಡಗಿನಲ್ಲಿ ಈಗ ತೋಟದವರು, ಹೋಂಸ್ಟೇ ನಡೆಸುವವರು, ಕಾಫಿ-ಮೆಣಸು ಕೊಳ್ಳುವ ಅಂಗಡಿಯವರು, ಸಹಕಾರ ಸಂಘದವರು ಎಲ್ಲರೂ ಒಂದಲ್ಲ ಒಂದು ಸಾಫ್ಟ್‌ವೇರ್ ಮಾಡಿಸಲು ಹೊರಟಿದ್ದಾರೆ. ಮೂರು ಕೊಟೇಶನ್ ಬರುತ್ತವೆ. ಮೈಸೂರಿನ ಸಣ್ಣ ಕಂಪನಿ ಆರು ಲಕ್ಷ ಎನ್ನುತ್ತದೆ. ಬೆಂಗಳೂರಿನವರು ಗಂಟೆಗೆ ಇಷ್ಟು ಅಂತ ಹೇಳುತ್ತಾರೆ, ಒಟ್ಟು ಎಷ್ಟಾಗುತ್ತದೆ ಅಂತ ಹೇಳುವುದಿಲ್ಲ. ಕುಶಾಲನಗರದಲ್ಲಿ ಒಬ್ಬನೇ ಕೂತು ಕೆಲಸ ಮಾಡುವ ಹುಡುಗ ಎರಡೂವರೆ ಲಕ್ಷಕ್ಕೆ ಮುಗಿಸಿ ಕೊಡುತ್ತೇನೆ ಎನ್ನುತ್ತಾನೆ. ನಾವು ಮೂರು ಮೊತ್ತಗಳನ್ನು ಪಕ್ಕ ಪಕ್ಕ ಇಟ್ಟು ನೋಡುತ್ತೇವೆ. ಆದರೆ ಮೊದಲು ನೋಡಬೇಕಾದ್ದು ಒಂದೇ. ನಾಳೆ ತಪ್ಪು ಸಿಕ್ಕಿದಾಗ ಅದನ್ನು ಹುಡುಕುವ ಮತ್ತು ತಿದ್ದುವ ಖರ್ಚು ಯಾರ ತಲೆಗೆ ಬರುತ್ತದೆ?

ಮಾತು ಗಾಳಿಯಲ್ಲಿ ಹೋಗದಿರಲಿ ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸಿದ್ದಾಪುರದ ಕಡೆ ನಾಲ್ಕೈದು ತೋಟದವರು ಸೇರಿ ಕಾಫಿ ಕೊಯ್ಲಿನ ಲೆಕ್ಕಕ್ಕೆ ಆ್ಯಪ್ ಮಾಡಿಸುತ್ತಾರೆ ಅಂದುಕೊಳ್ಳಿ. ಬೆಳಿಗ್ಗೆ ಚೆಕ್‌ರೋಲ್ ಹಾಜರಿ, ಸಂಜೆ ಹಣ್ಣಿನ ತೂಕ, ವಾರದ ಬಟವಾಡೆ, ಮುಂಗಡದ ಕಡಿತ, ಕಣದಲ್ಲಿ ಒಣಗಿದ ಚೀಲಗಳ ಲೆಕ್ಕ. ಕೇಳಲು ಸಣ್ಣದು. ತಪ್ಪಾದರೆ ಶನಿವಾರ ಸಂಜೆ ಎಂಬತ್ತು ಜನ ದುಡ್ಡಿಗಾಗಿ ಅಂಗಳದಲ್ಲಿ ನಿಂತಿರುತ್ತಾರೆ.

ಒಂದೇ ಮೊತ್ತದ ಕರಾರು

ಇದಕ್ಕೆ ಫಿಕ್ಸೆಡ್ ಪ್ರೈಸ್ ಅನ್ನುತ್ತಾರೆ. ಕೆಲಸದ ಪಟ್ಟಿ ಮೊದಲೇ ಬರೆದು, ಅದಕ್ಕೊಂದು ಬೆಲೆ ಕಟ್ಟಿ, ದಿನಾಂಕ ಹಾಕಿ ಸಹಿ ಮಾಡುವುದು. ನಮ್ಮ ಕಡೆಯವರಿಗೆ ಇದೇ ಇಷ್ಟ, ಏಕೆಂದರೆ ಎಷ್ಟು ಹೋಗುತ್ತದೆ ಅಂತ ಮೊದಲೇ ಗೊತ್ತಾಗುತ್ತದೆ. ಆದರೆ ಮರ ಕಪಾತು ಕಾಂಟ್ರಾಕ್ಟ್‌ಗೆ ಕೊಟ್ಟರೆ ತಲೆ ಎತ್ತಿ ನೋಡಿದರೆ ಸಾಕು, ಕೆಲಸ ಆಗಿದೆಯೋ ಇಲ್ಲವೋ ತಿಳಿಯುತ್ತದೆ. ಸಾಫ್ಟ್‌ವೇರ್‌ನಲ್ಲಿ ಹಾಗೆ ಕಾಣುವುದಿಲ್ಲ. ಕಣ್ಣಿಗೆ ಬೀಳುವುದು ಪರದೆ, ಬಣ್ಣ, ಗುಂಡಿ. ಟೆಸ್ಟಿಂಗ್ ಎಲ್ಲೂ ಕಾಣುವುದಿಲ್ಲ. ಮೊತ್ತ ಬಿಗಿಯಾದಾಗ ಕಂಪನಿ ಮೊದಲು ಉಳಿಸುವುದು ಕಾಣದ ಕಡೆಯಲ್ಲೇ. ಅದು ಮೋಸ ಅಂತಲೇ ಅಲ್ಲ. ಕೆಲಸ ಎರಡು ವಾರ ತಡವಾಯಿತು, ಕೊಡುವ ದಿನಾಂಕ ಬದಲಾಗಲಿಲ್ಲ ಅಂದರೆ ಕೊನೆಯಲ್ಲಿ ಇಟ್ಟಿದ್ದ ಎರಡು ವಾರದ ಟೆಸ್ಟಿಂಗ್ ತಾನಾಗಿಯೇ ಹೋಗುತ್ತದೆ.

ಎರಡನೇ ಜಗಳ ಇದಕ್ಕಿಂತ ದೊಡ್ಡದು. ಇದು ಬಗ್ಗೋ (ಅಂದರೆ ಪ್ರೋಗ್ರಾಂನ ತಪ್ಪೋ), ಹೊಸ ಬೇಡಿಕೆಯೋ? ಒಬ್ಬ ಕೆಲಸಗಾರ 47.35 ಕೆಜಿ ಹಣ್ಣು ಕೊಯ್ದ, ಕೆಜಿಗೆ ₹5.50 ಅಂತ ಇಟ್ಟುಕೊಳ್ಳಿ. ಗುಣಿಸಿದರೆ ₹260.425. ಇದನ್ನು 260 ಮಾಡಬೇಕೋ, 260.50 ಮಾಡಬೇಕೋ? ದಿನ ದಿನ ದುಂಡು ಮಾಡಬೇಕೋ, ವಾರದ ಕೊನೆಗೆ ಒಮ್ಮೆ ಮಾಡಬೇಕೋ? ತೋಟದ ಲೆಕ್ಕ ಬರೆಯುವ ನಿಮ್ಮ ರೈಟರ್‌ಗೆ ಇದು ಕೇಳುವ ಪ್ರಶ್ನೆಯೇ ಅಲ್ಲ, ವರ್ಷಗಳಿಂದ ಒಂದೇ ರೀತಿ ಮಾಡಿಕೊಂಡು ಬಂದಿದ್ದಾರೆ. ಪ್ರೋಗ್ರಾಂ ಬರೆಯುವವನಿಗೆ ಅದು ಗೊತ್ತಿಲ್ಲ, ಕರಾರಿನಲ್ಲೂ ಬರೆದಿಲ್ಲ. ಹಾಗಾಗಿ ನೀವು ಅದನ್ನು ತಪ್ಪು ಅನ್ನುತ್ತೀರಿ, ಅವನು ಬದಲಾವಣೆ ಅನ್ನುತ್ತಾನೆ, ಬದಲಾವಣೆಗೆ ಬೇರೆ ಬಿಲ್ ಬರುತ್ತದೆ. ಕಡಿಮೆ ಕೊಟೇಶನ್ ಕೊಟ್ಟು ಕೆಲಸ ಹಿಡಿದು, ಆಮೇಲೆ ಬದಲಾವಣೆಯ ಬಿಲ್ಲಿನಲ್ಲಿ ಸರಿದೂಗಿಸಿಕೊಳ್ಳುವ ಕಂಪನಿಗಳೂ ಇವೆ.

ಹಾಗಾದರೆ ಈ ಕರಾರು ಬೇಡವೇ? ಬೇಕು, ಆದರೆ ಏನು ಬೇಕೆಂದು ನಿಮಗೆ ಕೊನೆಯ ಸಾಲಿನವರೆಗೆ ಗೊತ್ತಿರುವ ಕೆಲಸಕ್ಕೆ ಮಾತ್ರ. ಹೋಂಸ್ಟೇಗೆ ಫೋಟೊ, ದರಪಟ್ಟಿ, ವಿಚಾರಣೆ ಫಾರಂ ಇರುವ ವೆಬ್‌ಸೈಟ್ ಅಂದರೆ ಕಣ್ಣುಮುಚ್ಚಿ ಒಂದೇ ಮೊತ್ತಕ್ಕೆ ಕೊಡಿ. ಕೂಲಿ ಲೆಕ್ಕಕ್ಕೆ, ರೂಂ ಬುಕಿಂಗ್ ಹಣ ವಾಪಸ್ ಮಾಡುವ ಲೆಕ್ಕಕ್ಕೆ ನಾನು ಹಾಗೆ ಹೇಳುವುದಿಲ್ಲ.

ಗಂಟೆ ಲೆಕ್ಕ

ಇಲ್ಲಿ ಕಂಪನಿ ಕೆಲಸ ಮಾಡಿದ ಗಂಟೆಗೆ ಬಿಲ್ ಹಾಕುತ್ತದೆ. ಬಜೆಟ್ಟಿನ ಅಪಾಯ ಪೂರ್ತಿ ನಿಮ್ಮದು. ಆದರೆ ಒಂದು ಒಳ್ಳೆಯದೂ ಇದೆ: ಟೆಸ್ಟಿಂಗ್ ಗಂಟೆಗೂ ದುಡ್ಡು ಬರುವುದರಿಂದ ಅದನ್ನು ಕದಿಯುವ ಕಾರಣ ಅವರಿಗೆ ಇರುವುದಿಲ್ಲ. ಮನಸ್ಸು ಬದಲಾಯಿಸಲು ನಿಮಗೂ ಅವಕಾಶ ಇರುತ್ತದೆ.

ಸಹಿ ಹಾಕುವ ಮೊದಲು ಒಂದು ಪ್ರಶ್ನೆ ಕೇಳಲೇಬೇಕು. ಅವರೇ ಮಾಡಿದ ತಪ್ಪನ್ನು ಅವರೇ ತಿದ್ದಿದ ಗಂಟೆಗೂ ನಾವು ಕೊಡಬೇಕಾ? ಬಹಳ ಕಡೆ ಉತ್ತರ ಹೌದು ಅಂತಲೇ ಇರುತ್ತದೆ. ಇನ್ನೊಂದು ಹೊಡೆತವೂ ಇದೆ. ಒಂದು ಕಡೆ ತಿದ್ದಿದಾಗ ಮೊದಲು ಸರಿ ಇದ್ದ ಇನ್ನೊಂದು ಕಡೆ ಕೆಡುತ್ತದೆ, ಆದ್ದರಿಂದ ಪ್ರತಿ ತಿದ್ದುಪಡಿಯ ನಂತರ ಹಳೆಯದನ್ನೆಲ್ಲ ಮತ್ತೆ ಪರೀಕ್ಷಿಸಬೇಕು. ರಿಗ್ರೆಷನ್ ಟೆಸ್ಟಿಂಗ್ ಅಂದರೆ ಇದೇ. ಕೈಯಲ್ಲಿ ಮಾಡಿದರೆ ಪ್ರತಿ ಸಲ ಗಂಟೆಗಟ್ಟಲೆ ಬಿಲ್. ತಾನೇ ಓಡುವ ಪರೀಕ್ಷೆಗಳನ್ನು ಮೊದಲೇ ಬರೆಸಿದರೆ ಶುರುವಿನಲ್ಲಿ ಸ್ವಲ್ಪ ಜಾಸ್ತಿ ಹೋಗುತ್ತದೆ, ಆಮೇಲೆ ನಿಮಿಷಗಳಲ್ಲಿ ಮುಗಿಯುತ್ತದೆ. ಗಂಟೆ ಲೆಕ್ಕದಲ್ಲಿ ಕೊಡುವುದಾದರೆ ಇದನ್ನು ಮೊದಲ ತಿಂಗಳಲ್ಲೇ ಬರೆಸಿಕೊಳ್ಳಿ. ತಿಂಗಳಿಗೆ ಇಷ್ಟೇ ಗಂಟೆ ಅಂತ ಮಿತಿಯೂ ಹಾಕಿ. ವಾರವಾರ ಲೆಕ್ಕ ನೋಡುವ ಒಬ್ಬರು ನಿಮ್ಮ ಕಡೆ ಇಲ್ಲದಿದ್ದರೆ ಈ ದಾರಿಗೆ ಬರಬೇಡಿ.

ತಿಂಗಳ ಸಂಬಳಕ್ಕೆ ಒಂದು ತಂಡವನ್ನೇ ಇಟ್ಟುಕೊಳ್ಳುವ ಪದ್ಧತಿಯೂ ಇದೆ. ದೊಡ್ಡ ರೆಸಾರ್ಟ್ ಸಮೂಹಕ್ಕೋ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗೋ ಸರಿ. ನಮ್ಮಂಥವರಿಗಲ್ಲ.

ಕಂತು ಕಂತಾಗಿ

ನನ್ನ ಮತ ಇದಕ್ಕೆ. ಇಡೀ ಕೆಲಸಕ್ಕೆ ಒಂದು ಕರಾರು ಮಾಡದೆ, ತುಂಡು ಮಾಡಿ, ಪ್ರತಿ ತುಂಡಿಗೂ ಒಂದು ಮೊತ್ತ, ಒಂದು ಪರೀಕ್ಷೆ, ಒಂದು ಪಾವತಿ. ಒಂದು ತುಂಡು ಮುಗಿದ ಮೇಲೆ ಇಬ್ಬರಲ್ಲಿ ಯಾರು ಬೇಕಾದರೂ ಕೈಬಿಡಬಹುದು.

ಮೊದಲ ತುಂಡಿನಲ್ಲಿ ಪ್ರೋಗ್ರಾಂ ಬರೆಯುವುದೇ ಇಲ್ಲ. ಎರಡು ವಾರ, ಮೂವತ್ತು ನಲವತ್ತು ಸಾವಿರ. ಕಂಪನಿಯವರು ಕಣಕ್ಕೆ ಬಂದು, ಸಂಜೆ ತೂಕ ಹಾಕುವಾಗ ನಿಂತು ನೋಡಿ, ರೈಟರ್ ಜೊತೆ ಕೂತು ಲೆಕ್ಕದ ಉದಾಹರಣೆಗಳನ್ನು ಬರೆಯಬೇಕು. ಇಷ್ಟು ಕೆಜಿ, ಇಷ್ಟು ದರ, ಇಷ್ಟು ಮುಂಗಡ, ಕೈಗೆ ಬರುವುದು ಇಷ್ಟು ರೂಪಾಯಿ. ಇಂಥ ನಲವತ್ತು ಐವತ್ತು ಉದಾಹರಣೆ ಕೈಯಲ್ಲಿದ್ದರೆ ಮುಂದೆ ಬಗ್ಗೋ ಬೇಡಿಕೆಯೋ ಅನ್ನುವ ಜಗಳ ಮುಕ್ಕಾಲು ಪಾಲು ಏಳುವುದೇ ಇಲ್ಲ. ಆ ಹಾಳೆಗಳು ನಿಮ್ಮವು. ಬೇರೆ ಕಂಪನಿಗೂ ಅದನ್ನೇ ಕೊಟ್ಟು ಕೊಟೇಶನ್ ಕೇಳಬಹುದು. ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿ.ಮೀ. ಅಷ್ಟು ದೂರ ಒಂದು ದಿನ ಬರಲು ಒಪ್ಪದ ಕಂಪನಿ ಮುಂದೆ ಫೋನ್ ಎತ್ತುತ್ತದೆಯೇ ಅಂತ ನೀವೇ ಯೋಚಿಸಿ.

ಎರಡನೇ ತುಂಡು ತೂಕ ಮತ್ತು ಬಟವಾಡೆ ಮಾತ್ರ. ಚೀಲದ ಲೆಕ್ಕ, ಔಟ್‌ಟರ್ನ್ (ಒಣಗಿದ ಹಣ್ಣಿನಿಂದ ಎಷ್ಟು ಬೀಜ ಬಂತು ಎಂಬ) ಲೆಕ್ಕ, ಮೆಣಸು ಎಲ್ಲ ಆಮೇಲೆ.

ಇದರಲ್ಲೂ ತೊಂದರೆ ಇದೆ. ಎಲ್ಲ ತುಂಡು ಕೂಡಿಸಿದರೆ ಒಂದೇ ಮೊತ್ತದ ಕರಾರಿಗಿಂತ ಜಾಸ್ತಿಯಾಗುವುದುಂಟು. ಮೊದಲ ತುಂಡಿಗೆ ಅಗ್ಗ ಹೇಳಿ, ನೀವು ಸಿಕ್ಕಿಹಾಕಿಕೊಂಡ ಮೇಲೆ ಮೂರನೆಯದಕ್ಕೆ ದುಬಾರಿ ಮಾಡುವವರೂ ಇದ್ದಾರೆ. ಅದಕ್ಕೆ ಒಬ್ಬ ಪ್ರೋಗ್ರಾಮರ್‌ನ ದಿನದ ದರವನ್ನು ಶುರುವಿನಲ್ಲೇ ಎಲ್ಲ ತುಂಡುಗಳಿಗೂ ಸೇರಿಸಿ ಬರೆಸಿಬಿಡಿ.

ಟೆಸ್ಟ್ ಮಾಡುವವರು ಯಾರು?

ಕರಾರಿಗಿಂತ ಇದು ಮುಖ್ಯ. ಅಮೆರಿಕದ ಹೆಲ್ತ್‌ಕೇರ್ ಡಾಟ್ ಗೌ ಎಂಬ ಸರ್ಕಾರಿ ಜಾಲತಾಣ 2013ರ ಅಕ್ಟೋಬರ್ 1ರಂದು ತೆರೆಯಿತು. ಮೊದಲ ದಿನ ವಿಮೆಗೆ ನೋಂದಾಯಿಸಲು ಆದದ್ದು 6 ಜನರಿಗೆ. ಶುರುವಿನಿಂದ ಕೊನೆಯವರೆಗಿನ ಪೂರ್ತಿ ಪರೀಕ್ಷೆ ನಡೆದದ್ದು ತೆರೆಯುವ ಮುಂಚಿನ ಎರಡು ವಾರದಲ್ಲಿ ಮಾತ್ರ ಅಂತ ಗುತ್ತಿಗೆದಾರರೇ ಆಮೇಲೆ ಅಲ್ಲಿನ ಸಂಸತ್ತಿನ ಮುಂದೆ ಹೇಳಿದರು. ಅಲ್ಲಿ ದುಡ್ಡಿಗೆ ಬರ ಇರಲಿಲ್ಲ. ಹತ್ತಾರು ಕಂಪನಿ ಬೇರೆ ಬೇರೆ ಭಾಗ ಮಾಡಿದ್ದವು, ಎಲ್ಲವನ್ನೂ ಜೋಡಿಸಿ ಪರೀಕ್ಷಿಸುವುದು ಕೊನೆಗೆ ಉಳಿಯಿತು.

ಕಂಪನಿ ತಾನೇ ಟೆಸ್ಟ್ ಮಾಡುವುದು ಕಡ್ಡಾಯ, ಅದಕ್ಕೆ ಬೇರೆ ದುಡ್ಡು ಕೊಡಬೇಕಿಲ್ಲ. ಆದರೆ ಎಲ್ಲ ಪಾಸಾಗಿದೆ ಅಂತ ಕಳಿಸುವ ಹಾಳೆಯನ್ನು ನಂಬಬೇಡಿ. ಆ ನಲವತ್ತು ಉದಾಹರಣೆಗಳನ್ನು ನಿಮ್ಮೆದುರು ಓಡಿಸಿ ತೋರಿಸಲು ಹೇಳಿ. ಅವರು ಹುಡುಕಬಲ್ಲದ್ದು ಅವರಿಗೆ ಹೊಳೆದ ತಪ್ಪುಗಳನ್ನು ಮಾತ್ರ.

ನಿಮ್ಮ ತೋಟದ ತಪ್ಪುಗಳು ಹೊಳೆಯುವುದು ರೈಟರ್‌ಗೆ. ಗಂಡ, ಹೆಂಡತಿ, ಮಗ ಮೂವರೂ ಒಂದೇ ಚೀಲಕ್ಕೆ ಕೊಯ್ಯುತ್ತಾರೆ, ತೂಕ ಯಾರ ಹೆಸರಿಗೆ? ಕೆಲಸಗಾರರ ಲೈನ್ ಮನೆಯಲ್ಲಿ ಒಂದೇ ಹೆಸರಿನ ಇಬ್ಬರು ಇದ್ದಾರೆ. ಅಸ್ಸಾಮಿನಿಂದ ಬಂದವರಲ್ಲಿ ಕೆಲವರಿಗೆ ಫೋನ್ ನಂಬರೇ ಇಲ್ಲ, ಆ್ಯಪ್ ನಂಬರ್ ಇಲ್ಲದೆ ಮುಂದೆ ಹೋಗುವುದಿಲ್ಲ. ಒಬ್ಬನ ಮುಂಗಡ ವಾರದ ಕೂಲಿಗಿಂತ ಜಾಸ್ತಿ ಇದ್ದರೆ ಬಟವಾಡೆ ಮೈನಸ್ಸಿಗೆ ಹೋಗುತ್ತದಾ? ಮಾಲೀಕರ ಹೆಸರು ತುಂಬುವಾಗ ಮನೆ ಹೆಸರು ಮೊದಲು ಬರುತ್ತದೆ, ಫಾರಂ ಅದನ್ನು ತಿರುಗಿಸಿ ಬಿಡುತ್ತದೆ. ಇವೆಲ್ಲ ಬೆಂಗಳೂರಿನ ಟೆಸ್ಟರ್‌ಗೆ ಕನಸಿನಲ್ಲೂ ಬರುವುದಿಲ್ಲ.

ನೆಟ್‌ವರ್ಕ್ ವಿಷಯವಂತೂ ಹೇಳಲೇಬೇಕು. ತೋಟದೊಳಗೆ ಸಿಗ್ನಲ್ ಇಲ್ಲ. ಮೂರು ದಿನದ ತೂಕ ಫೋನಿನಲ್ಲೇ ಕೂತು, ನಾಲ್ಕನೇ ದಿನ ಗೋಣಿಕೊಪ್ಪ ಪೇಟೆಗೆ ಹೋದಾಗ ಒಟ್ಟಿಗೆ ಮೇಲೆ ಹೋಗುತ್ತದೆ. ಆಗ ಒಂದೇ ತೂಕ ಎರಡು ಸಲ ಸೇರಿತೇ? ಎರಡು ಫೋನಿನಲ್ಲಿ ಒಬ್ಬನದೇ ಹಾಜರಿ ಬೇರೆ ಬೇರೆ ಇದ್ದರೆ ಯಾವುದು ಉಳಿಯುತ್ತದೆ? ಅರ್ಧ ಕಳಿಸುವಾಗ ಸಿಗ್ನಲ್ ಹೋದರೆ? ಇದನ್ನು ಕಂಪನಿಯ ಎಸಿ ರೂಮಿನಲ್ಲಿ ವೈಫೈ ಆಫ್ ಮಾಡಿ ನೋಡಿದರೆ ಸಾಲದು. ಜುಲೈ ಮಳೆಯಲ್ಲಿ ಇಲ್ಲಿ ಬಂದು ನೋಡಲಿ. ಕರೆಂಟು, ಟವರ್ ಎರಡೂ ಹೋಗುವ ವ್ಯವಸ್ಥೆ ನಮ್ಮಲ್ಲಿ ಪುಕ್ಕಟೆ ಸಿಗುತ್ತದೆ.

ಕನ್ನಡದ ಪರೀಕ್ಷೆಯನ್ನು ಬಹುತೇಕರು ಮರೆಯುತ್ತಾರೆ. ಚಿಕ್ಕ ಥರ್ಮಲ್ ಪ್ರಿಂಟರ್‌ಗಳಲ್ಲಿ ಸಾಮಾನ್ಯವಾಗಿ ಕನ್ನಡ ಅಕ್ಷರ ಇರುವುದಿಲ್ಲ, ಚೀಟಿಯಲ್ಲಿ ಹೆಸರಿನ ಜಾಗಕ್ಕೆ ಬರೀ ಚೌಕ ಬರುತ್ತದೆ. ಅಕ್ಷರವನ್ನು ಚಿತ್ರವಾಗಿ ಕಳಿಸಿದರೆ ಸರಿಹೋಗುತ್ತದೆ, ಆದರೆ ಅದು ಕೊಟೇಶನ್‌ನಲ್ಲಿ ಇಲ್ಲದಿದ್ದರೆ ಮತ್ತೆ ಬಿಲ್. ವರದಿಯನ್ನು ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡ ಹೆಸರುಗಳು ಕಲಸುಮೇಲೋಗರ ಆಗುವುದೂ ಇಂಥದ್ದೇ.

ರೈಟರ್‌ಗೆ ದಿನವಿಡೀ ಕೆಲಸ ಮಾಡಿಸಿ, ಸಂಜೆ ಆರರ ಮೇಲೆ ಇದನ್ನೂ ನೋಡು ಅಂದರೆ ಅವರು ಸುಮ್ನೆ ಎರಡು ಗುಂಡಿ ಒತ್ತಿ ಸರಿಯಿದೆ ಅನ್ನುತ್ತಾರೆ. ಟೆಸ್ಟಿಂಗ್ ದಿನಗಳಿಗೆ ಅವರನ್ನು ಬೇರೆ ಕೆಲಸದಿಂದ ಬಿಡಿಸಿ, ಬೇರೆ ದುಡ್ಡು ಕೊಡಿ. ಇದು ಬಜೆಟ್ಟಿನಲ್ಲಿ ಒಂದು ಸಾಲಾಗಿ ಇರಬೇಕು.

ನನಗೆ ಗೊತ್ತಿರುವ ಅಗ್ಗದ, ಆದರೆ ಗಟ್ಟಿ ಪರೀಕ್ಷೆ ಒಂದಿದೆ. ಕಳೆದ ಕೊಯ್ಲಿನ ಚೆಕ್‌ರೋಲ್ ಪುಸ್ತಕ ತೆಗೆಯಿರಿ. ಗಲಾಟೆಯ ಒಂದು ವಾರ ಆರಿಸಿ. ಹೆಸರು ಬದಲಾಯಿಸಿ ಪೂರ್ತಿ ಆ್ಯಪ್‌ಗೆ ತುಂಬಿ. ಅಂದು ಕೊಟ್ಟ ಬಟವಾಡೆ, ಇಂದು ಆ್ಯಪ್ ಹೇಳುವ ಬಟವಾಡೆ ರೂಪಾಯಿ ರೂಪಾಯಿ ಹೊಂದಬೇಕು. ಹೊಂದದಿದ್ದರೆ ಒಂದೋ ಆ್ಯಪ್ ತಪ್ಪು, ಇಲ್ಲವೇ ಪುಸ್ತಕ ತಪ್ಪು. ಎರಡನೆಯದೂ ಆಗಬಹುದು, ಸಿದ್ಧರಾಗಿರಿ.

ಮೂರನೆಯವರಿಂದ ಟೆಸ್ಟ್ ಮಾಡಿಸುವುದು ಯಾವಾಗ? ಆನ್‌ಲೈನ್ ಪಾವತಿ ಇದ್ದಾಗ, ಅತಿಥಿಗಳ ಗುರುತಿನ ಚೀಟಿ ಸಂಗ್ರಹಿಸುವಾಗ. ಬಿಡಿ ಟೆಸ್ಟರ್ ಒಬ್ಬರನ್ನು ಕೆಲವು ದಿನಕ್ಕೆ ಹಿಡಿದರೆ ಹೋಂಸ್ಟೇಗೆ ಸಾಕು. ಸಹಕಾರ ಸಂಘದ ಸಾಲ, ಠೇವಣಿ ಲೆಕ್ಕವಾದರೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಮಾನ್ಯತೆ ಕೊಟ್ಟ ಲೆಕ್ಕಪರಿಶೋಧಕರ ಪಟ್ಟಿಯಿಂದಲೇ ಭದ್ರತಾ ತಪಾಸಣೆ ಮಾಡಿಸಿ. ಯಾರಿಗೇ ಕೊಡಿ, ನಿಜವಾದ ಆಧಾರ್ ಪ್ರತಿ, ಫೋನ್ ನಂಬರ್ ಟೆಸ್ಟಿಂಗ್‌ಗೆ ಕೊಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ಪ್ರಕಾರ ನಿಮ್ಮ ಪರವಾಗಿ ಹೊರಗಿನ ಕಂಪನಿ ಡೇಟಾ ನೋಡಿಕೊಂಡರೂ ಹೊಣೆ ನಿಮ್ಮದೇ.

ಕೊಟೇಶನ್ ಮೇಲೆ ಏನೇನು ಸೇರುತ್ತದೆ

ಆರು ಲಕ್ಷಕ್ಕೆ 18% ಜಿಎಸ್‌ಟಿ ಅಂದರೆ ₹1,08,000. ನೀವು ಜಿಎಸ್‌ಟಿ ನೋಂದಣಿ ಮಾಡಿಸಿ ಇನ್‌ಪುಟ್ ಕ್ರೆಡಿಟ್ (ಕೊಟ್ಟ ತೆರಿಗೆಯನ್ನು ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವುದು) ಪಡೆಯುವವರಲ್ಲದಿದ್ದರೆ ಅದು ಪೂರ್ತಿ ಖರ್ಚು. ಕುಶಾಲನಗರದ ಹುಡುಗನ ವರ್ಷದ ವಹಿವಾಟು 20 ಲಕ್ಷದ ಒಳಗಿದ್ದರೆ ಅವನಿಗೆ ಸಾಮಾನ್ಯವಾಗಿ ನೋಂದಣಿ ಬೇಡ, ತೆರಿಗೆಯೂ ಸೇರುವುದಿಲ್ಲ. ಹೋಲಿಸುವಾಗ ತೆರಿಗೆ ಸೇರಿಸಿ ಹೋಲಿಸಿ. ನಿಮ್ಮ ಕಡೆಯ ಟೆಸ್ಟಿಂಗ್‌ಗೆ ಅಂತ ಅರವತ್ತು ಸಾವಿರ, ಬದಲಾವಣೆಗಳಿಗೆ ಅಂತ ಕೊಟೇಶನ್‌ನ 15%, ಅಂದರೆ ತೊಂಬತ್ತು ಸಾವಿರ ತೆಗೆದಿಡಿ. ಅಲ್ಲಿಗೆ ₹8,58,000 ಆಯಿತು. ಬದಲಾವಣೆಯ ಆ ತೊಂಬತ್ತು ಸಾವಿರ ಇದೆ ಅಂತ ಕಂಪನಿಗೆ ಹೇಳಬೇಡಿ.

ಸಣ್ಣಪುಟ್ಟವೂ ಇವೆ. ಕೆಲಸಗಾರರಿಗೋ ಅತಿಥಿಗಳಿಗೋ ಎಸ್‌ಎಂಎಸ್ ಹೋಗಬೇಕಾದರೆ ಟೆಲಿಕಾಂ ಕಂಪನಿಯ ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ಹೆಸರು ಮತ್ತು ಸಂದೇಶದ ನಮೂನೆ ನೋಂದಾಯಿಸಬೇಕು. ಪ್ಲೇ ಸ್ಟೋರ್ ಖಾತೆಗೆ ಒಂದೇ ಸಲ 25 ಡಾಲರ್. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯಾದರೆ, ಆ್ಯಪ್ ಹೊರಬಿಡುವ ಮೊದಲು ಕನಿಷ್ಠ 12 ಜನ ಸತತ 14 ದಿನ ಪರೀಕ್ಷಾ ಬಳಕೆದಾರರಾಗಿ ಇರಬೇಕು. ಈ ಎರಡು ವಾರವನ್ನು ಯಾರೂ ವೇಳಾಪಟ್ಟಿಯಲ್ಲಿ ಹಾಕುವುದಿಲ್ಲ. ವರ್ಷದ ನಿರ್ವಹಣೆಗೆ ಸಾಮಾನ್ಯವಾಗಿ ಮೂಲ ಬೆಲೆಯ 15ರಿಂದ 20% ಕೇಳುತ್ತಾರೆ.

ಪಾವತಿ ಮತ್ತು ಕಾಗದ

ಅರ್ಧ ಅಡ್ವಾನ್ಸ್, ಅರ್ಧ ಕೊಟ್ಟಾಗ ಅನ್ನುವುದು ಕೇಳಲು ಸರಳ. ಆದರೆ ಆ್ಯಪ್ ಕೈಗೆ ಬಂದ ದಿನ ತಪ್ಪು ಕಾಣುವುದಿಲ್ಲ, ಕೊಯ್ಲಿನ ಎರಡನೇ ವಾರ ಕಾಣುತ್ತದೆ. ಆಗ ನಿಮ್ಮ ಕೈಯಲ್ಲಿ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಶುರುವಿಗೆ 20%, ಪ್ರತಿ ತುಂಡು ಪರೀಕ್ಷೆ ದಾಟಿದಾಗ ಅದರ ಪಾಲು, ಕೊನೆಯ 15% ನಿಜವಾದ ಕೊಯ್ಲಿನಲ್ಲಿ ಒಂದು ತಿಂಗಳು ಸರಿಯಾಗಿ ನಡೆದ ಮೇಲೆ. ಉಳಿದ ಕಂತುಗಳನ್ನು ಹೇಳಿದ ದಿನವೇ ಕೊಡಿ. ಸಣ್ಣ ಕಂಪನಿಯವರು ಆ ದುಡ್ಡಿನಿಂದಲೇ ಸಂಬಳ ಕೊಡುತ್ತಾರೆ, ಸತಾಯಿಸಿದರೆ ನಿಮ್ಮ ಕೆಲಸ ಕೊನೆಯ ಸಾಲಿಗೆ ಹೋಗುತ್ತದೆ.

ಕರಾರಿನಲ್ಲಿ ಒಂದು ಸಾಲನ್ನು ಹುಡುಕಿ ಓದಿ. ಏಳು ದಿನದೊಳಗೆ ದೂರು ಬರದಿದ್ದರೆ ಒಪ್ಪಿಕೊಂಡಂತೆ ಅಂತ ಬರೆದಿರುತ್ತಾರೆ. ಜನವರಿಯಲ್ಲಿ ರೋಬಸ್ಟಾ ಕೊಯ್ಲಿನ ನಡುವೆ ಯಾರಿಗೆ ಏಳು ದಿನ ಬಿಡುವಿದೆ ಹೇಳಿ? ಅದನ್ನು ಮೂವತ್ತು ದಿನ ಮಾಡಿಸಿ. ತಕರಾರು ಬಂದರೆ ಬೆಂಗಳೂರಿನ ನ್ಯಾಯಾಲಯ ಅಂತ ಇದ್ದರೆ ಮಡಿಕೇರಿ ಅಂತ ತಿದ್ದಿಸಿ.

ದುಡ್ಡು ಕೊಟ್ಟ ಮಾತ್ರಕ್ಕೆ ಕೋಡ್ ನಿಮ್ಮದಾಗುವುದಿಲ್ಲ. 1957ರ ಕಾಪಿರೈಟ್ ಕಾಯ್ದೆಯಲ್ಲಿ, ನಿಮ್ಮ ನೌಕರನಲ್ಲದ ಹೊರಗಿನವನು ಬರೆದ ಪ್ರೋಗ್ರಾಂಗೆ ಸಾಮಾನ್ಯವಾಗಿ ಅವನೇ ಮೊದಲ ಒಡೆಯ. ಹಕ್ಕು ನಿಮಗೆ ಬರಬೇಕಾದರೆ ಬರಹದಲ್ಲಿ, ಸಹಿಯೊಂದಿಗೆ ವರ್ಗಾಯಿಸಬೇಕು. ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ ಐದು ವರ್ಷ, ಎಲ್ಲಿಗೆ ಅಂತ ಬರೆಯದಿದ್ದರೆ ಭಾರತದೊಳಗೆ ಮಾತ್ರ ಅಂತ ಕಾಯ್ದೆ ಎಣಿಸುತ್ತದೆ. ಡೊಮೇನ್, ಸರ್ವರ್, ಪ್ಲೇ ಸ್ಟೋರ್, ಕೋಡ್ ಇಡುವ ಖಾತೆ ಎಲ್ಲ ನಿಮ್ಮ ಇಮೇಲ್‌ನಲ್ಲಿ ತೆರೆದು, ಕಂಪನಿಗೆ ಪ್ರವೇಶ ಮಾತ್ರ ಕೊಡಿ. ಒಬ್ಬನೇ ಕೆಲಸ ಮಾಡುವ ಹುಡುಗನಿಗೆ ಕೊಡುವುದಾದರೆ ಇದು ಇನ್ನೂ ಮುಖ್ಯ. ಅವನಿಗೆ ನಾಳೆ ಹೈದರಾಬಾದಿನಲ್ಲಿ ನೌಕರಿ ಸಿಗಬಹುದು, ಅಲ್ವಾ?

ಯಾವ ತಿಂಗಳಲ್ಲಿ

ಬೇಸಿಗೆಯಲ್ಲಿ ಉದಾಹರಣೆ ಬರೆಸಿ, ಜೂನ್‌ನಲ್ಲಿ ಪ್ರೋಗ್ರಾಂ ಶುರುಮಾಡಿ, ಮಳೆಗಾಲದಲ್ಲೇ ಮೊದಲ ಪರೀಕ್ಷೆ ಮಾಡಿ. ನವೆಂಬರ್-ಡಿಸೆಂಬರ್‌ನ ಅರೇಬಿಕಾ ಕೊಯ್ಲಿನಲ್ಲಿ ಒಂದು ತೋಟದಲ್ಲಿ ಮಾತ್ರ, ಪುಸ್ತಕವನ್ನೂ ಜೊತೆಗೆ ಬರೆಯುತ್ತಾ ಓಡಿಸಿ. ರೋಬಸ್ಟಾಕ್ಕೆ ಎಲ್ಲ ತೋಟ. ಡಿಸೆಂಬರ್ ಕೊನೆಗೆ ಸಿದ್ಧವಾಗದಿದ್ದರೆ ಆ ವರ್ಷ ಪುಸ್ತಕದಲ್ಲೇ ನಡೆಸಿ. ಹೋಂಸ್ಟೇಯವರು ಮಡಿಕೇರಿ ದಸರಾ ಹತ್ತಿರ, ಕ್ರಿಸ್‌ಮಸ್ ವಾರದಲ್ಲಿ ಹೊಸ ಬುಕಿಂಗ್ ವ್ಯವಸ್ಥೆ ಶುರುಮಾಡಬೇಡಿ. ಒಂದೇ ರೂಮಿಗೆ ಇಬ್ಬರು ಬಂದು ನಿಂತರೆ ಆ ರಾತ್ರಿ ಊರಿನಲ್ಲಿ ಇನ್ನೊಂದು ರೂಂ ಸಿಗುವುದಿಲ್ಲ.

ಹತ್ತು ರೂಮಿನೊಳಗಿನ ಹೋಂಸ್ಟೇಗಂತೂ ಹೊಸದಾಗಿ ಮಾಡಿಸುವುದೇ ಬೇಡ ಅನ್ನುತ್ತೇನೆ. ತಿಂಗಳ ಬಾಡಿಗೆಗೆ ಸಿಗುವ ಬುಕಿಂಗ್ ಸಾಫ್ಟ್‌ವೇರ್‌ಗಳನ್ನು ಈಗಾಗಲೇ ನೂರಾರು ಜನ ಬಳಸಿ ತಪ್ಪು ಹುಡುಕಿರುತ್ತಾರೆ. ಆ ಟೆಸ್ಟಿಂಗ್ ಖರ್ಚು ನಿಮ್ಮದಲ್ಲ. ಶೇಕಡ ಎಂಬತ್ತು ಹೊಂದಿದರೆ ತೆಗೆದುಕೊಳ್ಳಿ, ಉಳಿದ ಇಪ್ಪತ್ತಕ್ಕೆ ನಿಮ್ಮ ಪದ್ಧತಿಯನ್ನೇ ಸ್ವಲ್ಪ ಬದಲಾಯಿಸಿ.

ಕೆಲಸ ಈಗಾಗಲೇ ನಡುವೆ ಸಿಕ್ಕಿಬಿದ್ದಿದ್ದರೆ ಮೂರು ದಾರಿ ಇವೆ. ಇದ್ದವರ ಜೊತೆಗೇ ಕೂತು ಪಟ್ಟಿ ಕತ್ತರಿಸಿ, ಬಟವಾಡೆ ಒಂದನ್ನಾದರೂ ಸರಿಮಾಡಿಸುವುದು ಅಗ್ಗದ ದಾರಿ. ನಿಲ್ಲಿಸಿಬಿಡುವುದು ಎರಡನೆಯದು. ಕೊಟ್ಟ ದುಡ್ಡು ಹೋಯಿತಲ್ಲ ಅನ್ನುವ ಸಂಕಟಕ್ಕೆ ಇನ್ನೆರಡು ಲಕ್ಷ ಸುರಿಯುವುದಕ್ಕಿಂತ ಅದು ವಾಸಿ. ಕಂಪನಿ ಬದಲಾಯಿಸುವುದು ಮೂರನೆಯದು, ದುಬಾರಿ. ಬದಲಾಯಿಸುವುದಾದರೆ ಹೊಸಬರಿಗೆ ಒಂದು ವಾರದ ದುಡ್ಡು ಕೊಟ್ಟು ಹಳೆಯ ಕೋಡ್ ಓದಿಸಿ, ಆಮೇಲೆ ಕೊಟೇಶನ್ ಕೇಳಿ. ಕೋಡ್ ನೋಡದೆಯೇ ಬೆಲೆ ಹೇಳುವವರಿಗೆ ಕೆಲಸ ಕೊಡಬೇಡಿ.